ಅಕ್ಕನದ್ದು ಅಕ್ಕನನ್ನೇ ಕೇಳಬೇಕು

ನಮ್ಮ ದೊಡ್ಡಬಳ್ಳಾಪುರದ ಕಡೆಯವರಿಗೆ ಘಾಟಿ ಸುಬ್ರಹ್ಮಣ್ಯ ಅಂದ್ರೆ ಬರೀ ದೇವಸ್ಥಾನ ಅಲ್ಲ, ಒಂಥರಾ ಲೆಕ್ಕ ಚುಕ್ತಾ ಮಾಡೋ ಜಾಗ. ಹರಕೆ ತೀರಿಸೋದು ಅಲ್ಲೇ, ನಾಗರಕಲ್ಲು ಪ್ರತಿಷ್ಠೆ ಮಾಡಿಸೋದು ಅಲ್ಲೇ, ಡಿಸೆಂಬರಿನ ದನಗಳ ಜಾತ್ರೆಗೆ ಹೋಗೋದೂ ಅಲ್ಲಿಗೇ. ಮನೆಯಲ್ಲಿ ಏನೋ ಸರಿಯಿಲ್ಲ, ಯಾವುದೋ ತಪ್ಪು ಕಾಡ್ತಿದೆ ಅನ್ನಿಸಿದ್ರೆ ಅರಿಶಿನದ ಬಟ್ಟೆಯಲ್ಲಿ ಒಂದಿಷ್ಟು ದುಡ್ಡು ಕಟ್ಟಿಡ್ತೀವಿ. ಅನುಕೂಲ ಆದಾಗ ಹೋಗಿ ಹುಂಡಿಗೆ ಹಾಕಿ ಬರ್ತೀವಿ. ಅದಕ್ಕೆ ತಪ್ಪುಕಾಣಿಕೆ ಅಂತ ಹೆಸರು.

ಹರಕೆ ಮರೆತಿದ್ದಕ್ಕೆ ತಪ್ಪುಕಾಣಿಕೆ ಹಾಕಿದ್ರೆ ಸರಿ. ಅದು ದೇವರಿಗೂ ನಮಗೂ ಇರೋ ವ್ಯವಹಾರ. ಆದರೆ ಪಕ್ಕದ ಹೊಲದವನ ಬದು ಒತ್ತರಿಸಿದವನು, ಚೀಟಿ ದುಡ್ಡು ನುಂಗಿದವನು, ಒಡಹುಟ್ಟಿದವರ ಕೈಲಿ ಸುಳ್ಳು ಹೇಳಿ ಸಹಿ ಹಾಕಿಸಿಕೊಂಡವನು ತಪ್ಪುಕಾಣಿಕೆ ಹಾಕಿದ್ರೆ? ದೇವರು ಆ ದುಡ್ಡನ್ನ ಯಾವ ಖಾತೆಗೆ ಜಮಾ ಮಾಡ್ಕೋಬೇಕು? ಕಳಕೊಂಡವರು ಊರಲ್ಲೇ ಇದ್ದಾರೆ. ಅವರಿಗೆ ಒಂದು ರೂಪಾಯಿ ಬಂದಿಲ್ಲ, ಒಂದು ಮಾತೂ ಬಂದಿಲ್ಲ.

ಈ ಪ್ರಶ್ನೆಗೆ ಯಹೂದಿಗಳ ಹತ್ತಿರ ಒಂದು ಖಡಕ್ ಉತ್ತರ ಇದೆ. ನಾನು ಯಹೂದಿ ಅಲ್ಲ, ನನ್ನ ಪರಿಚಯದಲ್ಲಿ ಒಬ್ಬ ಯಹೂದಿಯೂ ಇಲ್ಲ. ಆದರೂ ಅವರ ಈ ಉತ್ತರ ಕೆಲವು ವರ್ಷಗಳಿಂದ ನನ್ನ ತಲೆಯಲ್ಲಿ ಕೂತುಬಿಟ್ಟಿದೆ. ಯಾಕೆ ಅಂತ ಮುಂದೆ ಹೇಳ್ತೀನಿ, ಮೊದಲು ಅವರ ನಿಯಮ ನೋಡೋಣ.

ಯಹೂದಿಗಳ ವರ್ಷದಲ್ಲಿ ಅತಿ ದೊಡ್ಡ ದಿನ ಯೋಮ್ ಕಿಪ್ಪುರ್. ಅದು ಪ್ರಾಯಶ್ಚಿತ್ತದ ದಿನ. ಒಂದು ಸಂಜೆಯಿಂದ ಮರುದಿನ ರಾತ್ರಿಯವರೆಗೆ, ಸುಮಾರು 25 ಗಂಟೆ, ನೀರು ಕೂಡ ಮುಟ್ಟದೆ ಉಪವಾಸ ಇದ್ದು ಪ್ರಾರ್ಥನೆ ಮಾಡ್ತಾರೆ. ಅವರದೂ ಚಂದ್ರನ ಲೆಕ್ಕದ ಪಂಚಾಂಗವೇ. ಅಮಾವಾಸ್ಯೆ ಕಳೆದು ಹತ್ತನೇ ದಿನಕ್ಕೆ ಈ ಹಬ್ಬ ಬರುತ್ತೆ. ಹಾಗಾಗಿ ಎಷ್ಟೋ ಸಲ ಅದು ನಮ್ಮ ವಿಜಯದಶಮಿಯ ಜೊತೆಗೇ ಬೀಳುತ್ತೆ. 2024ರ ಅಕ್ಟೋಬರ್ 12ರಂದು ಹಾಗೆ ಆಯ್ತು, 2025ರ ಅಕ್ಟೋಬರ್ 2ರಂದೂ ಹಾಗೇ ಆಯ್ತು. ನಾವು ಗಾಡಿ ತೊಳೆದು ಕುಂಬಳಕಾಯಿ ಒಡೆದ ಆಯುಧಪೂಜೆಯ ಸಂಜೆ ಅವರು ಉಪವಾಸ ಶುರು ಮಾಡಿದ್ರು.

ಅಷ್ಟು ದೊಡ್ಡ ದಿನಕ್ಕೂ ಒಂದು ಮಿತಿ ಹಾಕಿಟ್ಟಿದ್ದಾರೆ. ಕ್ರಿ.ಶ. 200ರ ಸುಮಾರಿಗೆ ಸಂಕಲನವಾದ ಮಿಶ್ನಾ ಎಂಬ ಅವರ ಧರ್ಮಶಾಸ್ತ್ರದ ಗ್ರಂಥದಲ್ಲೇ ಅದು ಇದೆ. ಮನುಷ್ಯ ದೇವರಿಗೆ ಮಾಡಿದ ತಪ್ಪು ಆ ದಿನದ ಪ್ರಾಯಶ್ಚಿತ್ತದಿಂದ ತೀರುತ್ತದೆ. ಮನುಷ್ಯ ಇನ್ನೊಬ್ಬ ಮನುಷ್ಯನಿಗೆ ಮಾಡಿದ ತಪ್ಪು, ಆ ಇನ್ನೊಬ್ಬನನ್ನು ಸಮಾಧಾನ ಮಾಡುವವರೆಗೂ ತೀರುವುದಿಲ್ಲ. ಉಪವಾಸ ಎಷ್ಟೇ ಕಠಿಣವಾಗಿರಲಿ, ಕಣ್ಣೀರು ಎಷ್ಟೇ ಹರಿಯಲಿ, ದೇವರು ಆ ವಿಷಯಕ್ಕೆ ಕೈ ಹಾಕೋದಿಲ್ಲ. ಅದಕ್ಕೇ ಹಬ್ಬಕ್ಕೆ ಮುಂಚಿನ ಹತ್ತು ದಿನ ಯಹೂದಿಗಳು ಒಬ್ಬರಿಗೊಬ್ಬರು ಫೋನ್ ಮಾಡಿ, ಮನೆಗೆ ಹೋಗಿ, ಈ ವರ್ಷ ನನ್ನಿಂದ ಏನಾದ್ರೂ ನೋವಾಗಿದ್ರೆ ಕ್ಷಮಿಸಿ ಅಂತ ಕೇಳ್ತಾರೆ.

ಹನ್ನೆರಡನೇ ಶತಮಾನದಲ್ಲಿ, ಅಂದರೆ ಹೆಚ್ಚುಕಡಿಮೆ ನಮ್ಮ ಬಸವಣ್ಣನವರ ಕಾಲದಲ್ಲಿ, ಈಜಿಪ್ಟಿನಲ್ಲಿ ವೈದ್ಯನಾಗಿದ್ದ ಮೈಮೊನಿಡಿಸ್ ಎಂಬ ಯಹೂದಿ ಪಂಡಿತ ಈ ನಿಯಮವನ್ನು ಇನ್ನೂ ಬಿಡಿಸಿ ಬರೆದ. ಹಣ ತಿಂದಿದ್ದರೆ ಹಣ ವಾಪಸ್ ಕೊಟ್ಟರಷ್ಟೇ ಸಾಲದು, ಹೋಗಿ ಕ್ಷಮೆಯನ್ನೂ ಕೇಳಬೇಕು. ನೊಂದವನು ಒಪ್ಪದಿದ್ದರೆ ಮೂರು ಜನರನ್ನು ಜೊತೆಗೆ ಕರಕೊಂಡು ಹೋಗಬೇಕು. ಆಗಲೂ ಒಪ್ಪದಿದ್ದರೆ ಎರಡನೇ ಸಲ, ಮೂರನೇ ಸಲ ಹೀಗೇ ಹೋಗಬೇಕು. ಅಷ್ಟಾದ ಮೇಲೂ ಮನಸ್ಸು ಕರಗದಿದ್ದರೆ ಕೇಳಿದವನ ಕರ್ತವ್ಯ ಮುಗೀತು, ಇನ್ನು ತಪ್ಪು ಕಲ್ಲುಮನಸ್ಸಿನವನದು. ನೊಂದವರು ಗುರುಗಳಾಗಿದ್ರೆ ಮಾತ್ರ ಸಾವಿರ ಸಲ ಆದ್ರೂ ಹೋಗ್ತಾನೇ ಇರಬೇಕು! ಇನ್ನು ನೊಂದವನು ಸತ್ತೇ ಹೋಗಿದ್ದರೆ? ಹತ್ತು ಜನರನ್ನು ಅವನ ಸಮಾಧಿಯ ಹತ್ತಿರ ಕರಕೊಂಡು ಹೋಗಿ, ಇವನಿಗೆ ನಾನು ಹೀಗೆ ಹೀಗೆ ಮಾಡಿದೆ ಅಂತ ಎಲ್ಲರ ಮುಂದೆ ಹೇಳಬೇಕು. ಅವನಿಗೆ ಕೊಡಬೇಕಾದ ಹಣ ಇದ್ದರೆ ಅವನ ವಾರಸುದಾರರಿಗೆ ಮುಟ್ಟಿಸಬೇಕು.

ನಮ್ಮಲ್ಲೂ ಇಂಥ ರೂಢಿಗಳು ಇಲ್ಲದೇ ಇಲ್ಲ. ಜೈನರು ಪರ್ಯೂಷಣದ ಕೊನೆಯಲ್ಲಿ ಮನೆಮನೆಗೆ ಹೋಗಿ ಕ್ಷಮೆ ಕೇಳ್ತಾರೆ. ಉತ್ತರ ಕರ್ನಾಟಕದ ಕಡೆ ದಸರೆಯಲ್ಲಿ ಬನ್ನಿ ಕೊಟ್ಟು ಹಳೇ ಮುನಿಸು ಮರೀತಾರೆ. ನಮ್ಮ ಕಡೆ ಸಂಕ್ರಾಂತಿಗೆ ಎಳ್ಳು ಬೆಲ್ಲ ತಿಂದು ಒಳ್ಳೇ ಮಾತಾಡು ಅಂತೀವಿ. ಆದರೆ ಬಹಳ ಸಲ ನಾವು ಎಳ್ಳು ಬೀರೋದು ಹೆಂಗೂ ಚೆನ್ನಾಗಿರೋರ ಮನೆಗೇ. ಮಾತು ಬಿಟ್ಟವರ ಬೀದಿಗೆ ತಟ್ಟೆ ಹೋಗೋದಿಲ್ಲ.

ಈಗ ಈ ನಿಯಮ ನನ್ನ ತಲೆಯಲ್ಲಿ ಯಾಕೆ ಕೂತಿದೆ ಅಂತ ಹೇಳಬೇಕು.

ನಮ್ಮ ತಾಯಿಯ ತವರು ದೇವನಹಳ್ಳಿ ತಾಲ್ಲೂಕಿನ ಒಂದು ಹಳ್ಳಿ. ತಾತನಿಗೆ ಎರಡೂವರೆ ಎಕರೆ ಖುಷ್ಕಿ ಜಮೀನು. ರಾಗಿ, ಅವರೆ ಬಿಟ್ಟು ಬೇರೆ ಬೆಳೀತಿರಲಿಲ್ಲ. ಮೂರು ಮಕ್ಕಳು. ದೊಡ್ಡಮ್ಮ ಎಲ್ಲರಿಗಿಂತ ದೊಡ್ಡೋರು, ಆಮೇಲೆ ಮಾವ, ಕೊನೇಗೆ ನಮ್ಮಮ್ಮ. ದೊಡ್ಡಮ್ಮನಿಗೆ ಮದುವೆಯಾಗಿ ಹತ್ತು ವರ್ಷಕ್ಕೇ ಗಂಡ ತೀರಿಹೋದ್ರು. ಒಬ್ಬಳು ಮಗಳನ್ನು ಕಟ್ಟಿಕೊಂಡು ದೊಡ್ಡಬಳ್ಳಾಪುರದಲ್ಲಿ ಮಗ್ಗದವರ ಮನೆಯಲ್ಲಿ ಕಂಡಿಕೆ ಸುತ್ತಿ ಬದುಕಿದೋರು. ಅಮ್ಮ ಕಾಯಿಲೆ ಬಿದ್ದ ಮೂರು ವರ್ಷ ನನ್ನನ್ನು ಸಾಕಿದ್ದೂ ಅವರೇ.

2005ರಲ್ಲಿ ಕಾನೂನು ತಿದ್ದುಪಡಿಯಾಗಿ, ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಗಂಡುಮಕ್ಕಳಷ್ಟೇ ಹಕ್ಕು ಅಂತಾಯ್ತು. ಅದೇ ಹೊತ್ತಿಗೆ ದೇವನಹಳ್ಳಿಯಲ್ಲಿ ವಿಮಾನ ನಿಲ್ದಾಣದ ಕೆಲಸ ಭರದಿಂದ ನಡೀತಿತ್ತು. 2008ರ ಮೇ ತಿಂಗಳಲ್ಲಿ ಅದು ಶುರುವಾಯ್ತು. ಈ ಎರಡರ ನಡುವಿನ ವರ್ಷಗಳಲ್ಲಿ ನಮ್ಮ ಜಿಲ್ಲೆಯ ಎಷ್ಟು ಅಕ್ಕತಂಗಿಯರು ನೋಂದಣಿ ಕಚೇರಿಯ ಮೆಟ್ಟಿಲು ಹತ್ತಿದರೋ! ನಮ್ಮ ಮಾವನೂ ಇಬ್ಬರನ್ನೂ ಒಂದು ದಿನ ಕರಕೊಂಡು ಹೋದ್ರು. ಸೊಸೈಟಿಯ ಬೆಳೆಸಾಲಕ್ಕೆ ನಿಮ್ಮ ಸಹಿ ಬೇಕು ಅಂದ್ರು. ಸಹಿ ಹಾಕಿಸಿಕೊಂಡಿದ್ದು ಹಕ್ಕು ಬಿಡುಗಡೆ ಪತ್ರಕ್ಕೆ. ವಾಪಸ್ ಬರುವಾಗ ಇಬ್ಬರಿಗೂ ಒಂದೊಂದು ಸೀರೆ, ಅರಿಶಿನ ಕುಂಕುಮ, ಹೋಟೆಲಿನಲ್ಲಿ ಊಟ. ಮೂರು ವರ್ಷ ಆದ್ಮೇಲೆ ಜಮೀನು ಲೇಔಟಿನವರ ಪಾಲಾದಾಗಲೇ ಗೊತ್ತಾಗಿದ್ದು.

ದೊಡ್ಡಮ್ಮ ಜಗಳ ಆಡಲಿಲ್ಲ. ಕೋರ್ಟಿಗೂ ಹೋಗಲಿಲ್ಲ. ತವರಿಗೆ ಹೋಗೋದು ನಿಲ್ಲಿಸಿದ್ರು, ಅಷ್ಟೆ. ಆ ಸೀರೆಯನ್ನು ಒಂದು ದಿನವೂ ಉಡಲಿಲ್ಲ, ಯಾರಿಗೂ ಕೊಡಲೂ ಇಲ್ಲ. ಹಣಕ್ಕಿಂತ ಹೆಚ್ಚಾಗಿ ಅವರನ್ನು ಸುಟ್ಟಿದ್ದು ಒಂದೇ ಮಾತು: "ಕೇಳಿದ್ರೆ ನಾನೇ ಕೊಡ್ತಿದ್ದೆ." 2019ರಲ್ಲಿ ಅವರು ತೀರಿಕೊಂಡ್ರು. ಮಾವ ಮಣ್ಣಿಗೆ ಬಂದರು, ದೂರ ನಿಂತಿದ್ದು ಹೋದರು.

2023ರಲ್ಲಿ ಮಾವನಿಗೆ ಲಕ್ವ ಹೊಡೀತು. ನೋಡೋಕೆ ಅಂತ ಅಮ್ಮನ ಜೊತೆ ಹೋದೆ. ಬಲಗೈ ಆಡ್ತಿರಲಿಲ್ಲ, ಎಡಗೈಯಲ್ಲಿ ನನ್ನ ಕೈ ಹಿಡಕೊಂಡ್ರು. ಮಾತು ತೊದಲುತ್ತಿತ್ತು.

"ಅಕ್ಕ ಹೋಗ್ಬಿಟ್ಲು ಮಗಾ. ನಿನ್ನ ಸಾಕ್ದೋಳು ಅವ್ಳು. ಅವ್ಳ ಬದ್ಲು ನೀನೇ ಒಂದ್ ಮಾತು ಹೇಳ್ಬಿಡು, ಕ್ಷಮಿಸಿದೀನಿ ಅಂತ. ನಂಗೆ ರಾತ್ರಿ ನಿದ್ದೆ ಬತ್ತಿಲ್ಲ."

ಅತ್ತೆ ಬಾಗಿಲ ಹತ್ತಿರ ನಿಂತಿದ್ರು. "ಹೇಳ್ಬಿಡು, ಒಂದ್ ಮಾತು ತಾನೆ" ಅಂದ್ರು. ನಿಜ, ಒಂದೇ ಮಾತು. ಎದುರಿಗೆ ಅರ್ಧ ಮೈ ಸತ್ತ ಮನುಷ್ಯ, ಕಣ್ಣಲ್ಲಿ ನೀರು. ಯಾರಿಗಾದ್ರೂ ಹೇಳಿಬಿಡೋಣ ಅನ್ನಿಸುತ್ತೆ. ನನ್ನ ಬಾಯಿ ಬರಲಿಲ್ಲ. ಆಗ ಅಮ್ಮ ಮಾತಾಡಿದ್ರು. ಜೋರಾಗಲ್ಲ, ಸೆರಗಲ್ಲಿ ಅಣ್ಣನ ಬಾಯಿ ಒರೆಸ್ತಾ.

"ನೋಡಣ್ಣಾ, ನನ್ನ ಪಾಲಿಂದು ನಾನು ಯಾವತ್ತೋ ಬಿಟ್ಟೆ. ಅದಕ್ಕೆ ನೀನು ನಿದ್ದೆ ಕೆಡಬೇಡ. ಆದ್ರೆ ಅಕ್ಕುಂದು ಅಕ್ಕುನ್ನೇ ಕೇಳ್ಬೇಕು. ಅದನ್ನ ನಾನೂ ಬಿಡಕ್ಕಾಗಲ್ಲ, ಈ ಮಗೂ ಕೈಲೂ ಆಗಲ್ಲ. ಅವಳ ಮಗಳಿದಾಳಲ್ಲ, ಮೊದ್ಲು ಅವಳ ಬಾಗ್ಲಿಗೆ ಹೋಗು."

ನಮ್ಮಮ್ಮ ಓದಿರೋದು ನಾಲ್ಕನೇ ಕ್ಲಾಸು. ಮಿಶ್ನಾ, ಮೈಮೊನಿಡಿಸ್ ಎರಡೂ ಅವರಿಗೆ ಗೊತ್ತಿಲ್ಲ. ಈ ಘಟನೆ ಆಗಿ ಎಷ್ಟೋ ತಿಂಗಳ ಮೇಲೆ ಯಹೂದಿಗಳ ಒಂದು ಕಥೆ ಓದುವಾಗ ನನಗೆ ಅಮ್ಮನ ದನಿಯೇ ಕೇಳಿಸಿದ ಹಾಗಾಯ್ತು.

ಕಥೆ ಇದು. ಇವತ್ತಿನ ಬೆಲಾರೂಸ್ ದೇಶದಲ್ಲಿರುವ ಬ್ರಿಸ್ಕ್ ಎಂಬ ಊರಿಗೆ ಒಬ್ಬ ಬಹಳ ದೊಡ್ಡ ಧರ್ಮಗುರು ರೈಲಿನಲ್ಲಿ ಹೋಗ್ತಿದ್ದರು. ನೋಡೋಕೆ ಸಣ್ಣ ಆಳು, ಸಾಧಾರಣ ಬಟ್ಟೆ. ಅದೇ ಡಬ್ಬಿಯಲ್ಲಿ ವ್ಯಾಪಾರಿಗಳು ಇಸ್ಪೀಟು ಆಡ್ತಿದ್ದರು. ಆಟಕ್ಕೆ ಬಾ ಅಂದರೆ ಇವರು ಒಲ್ಲೆ ಅಂದರು. ಸಿಟ್ಟಾದ ಒಬ್ಬ ವ್ಯಾಪಾರಿ ಇವರನ್ನು ಹಿಡಿದು ಆಚೆ ದಬ್ಬಿದ. ರೈಲು ಬ್ರಿಸ್ಕ್ ತಲುಪಿದಾಗ ನೋಡಿದರೆ ಊರಿಗೆ ಊರೇ ಆ ಗುರುಗಳನ್ನು ಎದುರುಗೊಳ್ಳೋಕೆ ಬಂದಿದೆ. ವ್ಯಾಪಾರಿಗೆ ಎದೆ ಧಸಕ್ಕೆಂದಿತು. ಓಡಿಹೋಗಿ ಕ್ಷಮೆ ಕೇಳಿದ. ಗುರುಗಳು ಆಗೋದಿಲ್ಲ ಅಂದರು. ಮನೆಗೆ ಹೋಗಿ ಕೇಳಿದ, ಆಗಲೂ ಇಲ್ಲ. ಕೊನೆಗೆ ಗುರುಗಳ ಮಗನೇ ವಕಾಲತ್ತು ವಹಿಸಿ, ಇಷ್ಟು ಕಠಿಣ ಯಾಕೆ ಅಂತ ಕೇಳಿದಾಗ ಅವರು ಕೊಟ್ಟ ಉತ್ತರ ಹೀಗಿತ್ತಂತೆ: ಅವನು ಅವಮಾನ ಮಾಡಿದ್ದು ನನಗಲ್ಲ, ನಾನು ಯಾರು ಅಂತ ಅವನಿಗೆ ಗೊತ್ತಿರಲಿಲ್ಲ. ಯಾರೂ ಅಲ್ಲದ ಒಬ್ಬ ಬಡಪಾಯಿ ಪ್ರಯಾಣಿಕನಿಗೆ ಅವನು ಅವಮಾನ ಮಾಡಿದ. ಹೋಗಿ ಆ ಪ್ರಯಾಣಿಕನ ಹತ್ತಿರ ಕ್ಷಮೆ ಕೇಳಲಿ.

ಈ ಕಥೆಯನ್ನು ಹೇಳಿದವರು ಅಬ್ರಹಾಂ ಜೋಶುವಾ ಹೆಶೆಲ್. ಅಮೆರಿಕದಲ್ಲಿ 1965ರಲ್ಲಿ ಕರಿಯರ ಮತದಾನದ ಹಕ್ಕಿಗಾಗಿ ಮಾರ್ಟಿನ್ ಲೂಥರ್ ಕಿಂಗ್ ಜೊತೆ ಸೆಲ್ಮಾ ಊರಿನ ಪಾದಯಾತ್ರೆಯಲ್ಲಿ ನಡೆದ ಯಹೂದಿ ಚಿಂತಕ. ಅವರು ಈ ಕಥೆ ಹೇಳಿದ ಸಂದರ್ಭ ಮಾತ್ರ ರೈಲಿನ ಜಗಳಕ್ಕಿಂತ ಬಹಳ ಭೀಕರವಾದದ್ದು. ಸೈಮನ್ ವೀಸೆಂತಾಲ್ ಎಂಬುವವರು ಎರಡನೇ ಮಹಾಯುದ್ಧದಲ್ಲಿ, ಇವತ್ತು ಯುಕ್ರೇನಿನಲ್ಲಿರುವ ಲ್ವೀವ್ ನಗರದ ಹತ್ತಿರ ನಾಜಿಗಳ ಶಿಬಿರದಲ್ಲಿ ಕೈದಿಯಾಗಿದ್ದರು. ಒಂದು ದಿನ ಕೆಲಸಕ್ಕೆ ಕರಕೊಂಡು ಹೋದ ಕಡೆ ಒಬ್ಬ ನರ್ಸ್ ಇವರನ್ನು ಆಸ್ಪತ್ರೆಯ ಕೋಣೆಗೆ ಕರೆದೊಯ್ದಳು. ಮುಖಕ್ಕೆಲ್ಲ ಬ್ಯಾಂಡೇಜು ಸುತ್ತಿದ ಎಳೆಯ ನಾಜಿ ಸೈನಿಕ ಸಾಯ್ತಾ ಮಲಗಿದ್ದ. ಯಹೂದಿಗಳನ್ನು ಒಂದು ಮನೆಗೆ ತುಂಬಿ ಬೆಂಕಿ ಹಚ್ಚಿದವರಲ್ಲಿ ತಾನೂ ಒಬ್ಬ ಅಂತ ಹೇಳಿಕೊಂಡ. ಯಾರಾದರೂ ಒಬ್ಬ ಯಹೂದಿಯ ಬಾಯಿಂದ ಕ್ಷಮಿಸಿದೆ ಅನ್ನಿಸಿಕೊಂಡು ಸಾಯಬೇಕು ಅಂತ ಅಂಗಲಾಚಿದ. ವೀಸೆಂತಾಲ್ ಎಲ್ಲ ಕೇಳಿಸಿಕೊಂಡು ಏನೂ ಹೇಳದೆ ಎದ್ದು ಬಂದರು. ಯುದ್ಧ ಮುಗಿದು ಸುಮಾರು ಎರಡೂವರೆ ದಶಕದ ಮೇಲೆ ಇದನ್ನೇ ಪುಸ್ತಕ ಮಾಡಿ, ನಾನು ಮಾಡಿದ್ದು ಸರಿಯಾ, ನೀವಾಗಿದ್ದರೆ ಏನು ಮಾಡ್ತಿದ್ರಿ ಅಂತ ಲೋಕದ ಹಿರಿಯರನ್ನೆಲ್ಲ ಕೇಳಿದರು. ಹೆಶೆಲ್ ಆ ಪ್ರಶ್ನೆಗೆ ಉತ್ತರವಾಗಿ ಬ್ರಿಸ್ಕ್ ಗುರುಗಳ ಕಥೆ ಹೇಳಿದರು. ಸುಟ್ಟುಹೋದವರ ಪರವಾಗಿ ಬದುಕಿರುವ ಯಹೂದಿ ಕ್ಷಮಿಸೋಕೆ ಬರೋದಿಲ್ಲ ಅನ್ನೋದು ಅದರ ತಾತ್ಪರ್ಯ.

ಎಲ್ಲರೂ ಒಪ್ಪಲಿಲ್ಲ, ಅದನ್ನೂ ಹೇಳಬೇಕು. ದಕ್ಷಿಣ ಆಫ್ರಿಕಾದ ಡೆಸ್ಮಂಡ್ ಟುಟು, ಕ್ಷಮೆ ಇಲ್ಲದೆ ಭವಿಷ್ಯವೇ ಇಲ್ಲ ಅನ್ನುವ ಕಡೆ ನಿಂತವರು. ದಲಾಯಿ ಲಾಮಾ ಅವರೂ ಕ್ಷಮಿಸಬೇಕು, ಆದರೆ ಮರೆಯಬೇಕಾಗಿಲ್ಲ ಅನ್ನುವವರು. ಕ್ಷಮೆ ನೊಂದವನ ಎದೆಯ ಭಾರ ಇಳಿಸುತ್ತೆ ಅನ್ನೋ ಮಾತಿನಲ್ಲೂ ಸತ್ಯ ಇದೆ. ನಮ್ಮಮ್ಮ ತನ್ನ ಪಾಲಿನದನ್ನು ಬಿಟ್ಟಿದ್ದು ಬಹುಶಃ ಅದಕ್ಕೇ. ಆದರೆ ಬಿಟ್ಟಿದ್ದು ತನ್ನ ಪಾಲಿನದನ್ನ ಮಾತ್ರ. ಇನ್ನೊಬ್ಬರ ಗಾಯಕ್ಕೆ ನಾನು ಕ್ಷಮೆ ಕೊಡೋದು ಔದಾರ್ಯದ ಥರ ಕಾಣುತ್ತೆ, ಆದರೆ ಅದು ನನ್ನದಲ್ಲದ ಆಸ್ತಿಗೆ ನಾನು ಸಹಿ ಹಾಕಿದ ಹಾಗೆ. ದೊಡ್ಡಮ್ಮನ ಒಂದು ಹಕ್ಕನ್ನು ಅವರಿಗೆ ಗೊತ್ತಿಲ್ಲದ ಹಾಗೆ ಬಿಡಿಸಿಕೊಂಡಾಗಿತ್ತು. ಉಳಿದಿದ್ದು ಕ್ಷಮಿಸುವ ಅಥವಾ ಕ್ಷಮಿಸದೇ ಇರುವ ಹಕ್ಕು ಒಂದೇ. ಅದನ್ನೂ ಅವರ ಹೆಸರಿನಲ್ಲಿ ಇನ್ಯಾರೋ ಬರೆದುಕೊಟ್ಟರೆ ಅವರಿಗೆ ಎರಡನೇ ಸಲ ಮೋಸ ಆದಂತಲ್ವಾ?

ಹಾಗಾದ್ರೆ ಮೂರನೆಯವರು ಕೈಕಟ್ಟಿ ಕೂರಬೇಕಾ? ಇಲ್ಲ. ಯಹೂದಿಗಳು ಕ್ಷಮೆಯನ್ನೂ ಶಾಂತಿಯನ್ನೂ ಬೇರೆ ಬೇರೆ ಇಟ್ಟಿದ್ದಾರೆ. ಕ್ಷಮೆ ನೊಂದವರ ಕೈಲಿ ಮಾತ್ರ. ಶಾಂತಿ ಮಾಡಿಸುವ ಕೆಲಸ ಎಲ್ಲರದ್ದು. ಅವರ ಪುರಾಣದಲ್ಲಿ ಮೋಸೆಯ ಅಣ್ಣ ಆರನ್ ಅಂತ ಒಬ್ಬ ಬರ್ತಾನೆ. ಇಬ್ಬರು ಜಗಳ ಆಡಿದರೆ ಆರನ್ ಮೊದಲು ಒಬ್ಬನ ಮನೆಗೆ ಹೋಗಿ ಪಕ್ಕದಲ್ಲಿ ಕೂತು, ಅಯ್ಯೋ, ಅವನು ಎದೆ ಎದೆ ಬಡಕೊಂಡು ಅಳ್ತಿದ್ದಾನೆ, ನಿನ್ನ ಮುಖ ನೋಡೋಕೆ ನಾಚಿಕೆಯಂತೆ ಅಂತಿದ್ದನಂತೆ. ಆಮೇಲೆ ಇನ್ನೊಬ್ಬನ ಮನೆಗೆ ಹೋಗಿ ಅದನ್ನೇ ಹೇಳ್ತಿದ್ದ. ಮಾರನೇ ದಿನ ಇಬ್ಬರೂ ಎದುರಾದಾಗ ತಬ್ಬಿಕೊಳ್ತಿದ್ದರು. ಶಾಂತಿಗೋಸ್ಕರ ಅಷ್ಟು ಸುಳ್ಳನ್ನೂ ಆ ಧರ್ಮ ಒಪ್ಪಿದೆ! ನಮ್ಮ ಹಳ್ಳಿಗಳಲ್ಲಿ ಅರಳೀಕಟ್ಟೆಯ ಹಿರಿಯರು ಮಾಡ್ತಿದ್ದುದೂ ಇದನ್ನೇ. ಆದರೆ ಗಮನಿಸಿ, ಆರನ್ ಇಬ್ಬರನ್ನೂ ಎದುರುಬದುರು ತಂದು ನಿಲ್ಲಿಸ್ತಾನೆ. ತಬ್ಬಿಕೊಳ್ಳೋದು, ಬಿಡೋದು ಅವರಿಗೇ ಬಿಟ್ಟಿದ್ದು.

ಶಾಲೋಮ್ ಅನ್ನೋ ಹೀಬ್ರೂ ಪದ ಎಲ್ಲರಿಗೂ ಗೊತ್ತು, ಶಾಂತಿ ಅಂತ. ಆದರೆ ಅದರ ಧಾತುವಿಗೆ ಇಡಿಯಾಗಿರುವುದು, ಕುಂದಿಲ್ಲದಿರುವುದು ಅಂತ ಅರ್ಥ. ಹಣ ಪಾವತಿ ಮಾಡು ಅನ್ನೋದಕ್ಕೆ ಹೀಬ್ರೂನಲ್ಲಿ ಬಳಸುವ ಪದವೂ ಅದೇ ಧಾತುವಿನಿಂದ ಬಂದದ್ದು. ಬಾಕಿ ತೀರದೆ ಶಾಂತಿ ಇಡಿಯಾಗೋದಿಲ್ಲ ಅಂತ ಆ ಭಾಷೆಗೆ ಮೊದಲೇ ಗೊತ್ತಿತ್ತೋ ಏನೋ.

ಬೆಂಗಳೂರಿನಲ್ಲಿ ಈ ಎಲ್ಲ ಪ್ರಶ್ನೆಗಳನ್ನು ಮೈಮೇಲೆ ಹೊತ್ತುಕೊಂಡು ತಿರುಗಾಡಿದ ಒಬ್ಬರಿದ್ದರು. ಭೌತವಿಜ್ಞಾನಿ ಮ್ಯಾಕ್ಸ್ ಬಾರ್ನ್. ಹುಟ್ಟಿದ್ದು 1882ರಲ್ಲಿ, ಜರ್ಮನಿಯ ಯಹೂದಿ ಮನೆತನದಲ್ಲಿ. ಅವರೇನು ಸಂಪ್ರದಾಯಸ್ಥರಲ್ಲ, 1914ರಲ್ಲಿ ಕ್ರೈಸ್ತ ದೀಕ್ಷೆಯನ್ನೂ ತಗೊಂಡಿದ್ದರು. ಆದರೆ ಹಿಟ್ಲರನ ಕಾನೂನಿಗೆ ಅದೆಲ್ಲ ಬೇಕಿರಲಿಲ್ಲ. 1933ರಲ್ಲಿ ಗಾಟಿಂಗನ್ ವಿಶ್ವವಿದ್ಯಾಲಯದ ಹುದ್ದೆ ಹೋಯ್ತು. ದೇಶ ಬಿಟ್ಟರು. 1935ರಲ್ಲಿ ನಮ್ಮ ಸಿ.ವಿ. ರಾಮನ್ ಕರೆದರು ಅಂತ ಹೆಂಡತಿ ಹೆಡ್ವಿಗ್ ಜೊತೆ ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿಗೆ ಬಂದರು. ಅವರಿಗೆ ಇಲ್ಲೇ ಕಾಯಂ ಹುದ್ದೆ ಕೊಡಿಸಬೇಕು ಅಂತ ರಾಮನ್ ಓಡಾಡಿದರು. ಆ ವಿಷಯ ಚರ್ಚೆಗೆ ಬಂದ ಸಭೆಯಲ್ಲಿ ಒಬ್ಬ ಇಂಗ್ಲಿಷ್ ಪ್ರಾಧ್ಯಾಪಕ ಎದ್ದು ನಿಂತು, ಸ್ವಂತ ದೇಶದಿಂದ ಓಡಿಸಲ್ಪಟ್ಟ ಎರಡನೇ ದರ್ಜೆಯ ಪರದೇಶಿ ನಮಗೆ ಬೇಡ ಅನ್ನೋ ಅರ್ಥದ ಮಾತಾಡಿದ. ಬಾರ್ನ್ ಆ ಸಭೆಯಲ್ಲೇ ಕೂತಿದ್ದರು. ಮನೆಗೆ ಹೋಗಿ ಹೆಂಡತಿಯ ಮುಂದೆ ಅತ್ತೆ ಅಂತ ಅವರೇ ಆತ್ಮಕಥೆಯಲ್ಲಿ ಬರೆದಿದ್ದಾರೆ. ಪರಮಾಣುವಿನೊಳಗಿನ ಲೋಕವನ್ನು ಸಂಭವನೀಯತೆಯ ಲೆಕ್ಕದಲ್ಲಿ ಓದಬೇಕು ಅಂತ 1926ರಲ್ಲೇ ತೋರಿಸಿಕೊಟ್ಟ ಮನುಷ್ಯ ನಮ್ಮ ಊರಿನಲ್ಲಿ ಕೂತು ಅತ್ತರು. ಹುದ್ದೆ ಸಿಗಲಿಲ್ಲ. 1936ರಲ್ಲಿ ಎಡಿನ್‌ಬರೋ ವಿಶ್ವವಿದ್ಯಾಲಯ ಕರೆಯಿತು, ಹೋದರು.

1953ರಲ್ಲಿ ಅವರನ್ನು ಓಡಿಸಿದ್ದ ಅದೇ ಗಾಟಿಂಗನ್ ನಗರ ಕರೆದು ಗೌರವ ಪೌರತ್ವ ಕೊಟ್ಟಿತು. ನಿವೃತ್ತಿಯ ನಂತರ ಬಾರ್ನ್ ದಂಪತಿ ಜರ್ಮನಿಗೇ ವಾಪಸ್ ಹೋಗಿ ಬಾಡ್ ಪಿರ್ಮಾಂಟ್ ಎಂಬ ಸಣ್ಣ ಊರಿನಲ್ಲಿ ನೆಲೆಸಿದರು. ಇದಕ್ಕೆ ಹಣದ ಕಾರಣವೂ ಇತ್ತು, ಎಡಿನ್‌ಬರೋದ ಪಿಂಚಣಿ ಸಣ್ಣದು. ಗೆಳೆಯ ಐನ್‌ಸ್ಟೈನಿಗೆ ಇದು ಸ್ವಲ್ಪವೂ ಹಿಡಿಸಲಿಲ್ಲ. ನಮ್ಮ ಜನರನ್ನು ಕೊಂದವರ ನಾಡಿಗೆ ಹೋಗ್ತೀಯಾ ಅಂತ ಪತ್ರದಲ್ಲೇ ಚುಚ್ಚಿದರು. 1932ರಲ್ಲಿ ಬಿಟ್ಟು ಹೊರಟ ಜರ್ಮನಿಗೆ ಐನ್‌ಸ್ಟೈನ್ ಮತ್ತೆ ಕಾಲಿಡಲೇ ಇಲ್ಲ. ಬಾರ್ನ್ ಉತ್ತರ ಬರೆದರು. ಹೆಡ್ವಿಗ್ ಎಡಿನ್‌ಬರೋದಲ್ಲಿ ಕ್ವೇಕರ್ ಎಂಬ ಶಾಂತಿವಾದಿ ಕ್ರೈಸ್ತ ಪಂಥ ಸೇರಿದ್ದರು. ಜರ್ಮನಿಯ ಕ್ವೇಕರುಗಳ ಕೇಂದ್ರ ಅದೇ ಪಿರ್ಮಾಂಟ್‌ನಲ್ಲಿತ್ತು. ಅಲ್ಲಿರುವವರು ಕೊಲೆಗಡುಕರಲ್ಲ, ನಮಗಿಂತ ಹೆಚ್ಚು ಅನುಭವಿಸಿದವರೂ ಅವರಲ್ಲಿದ್ದಾರೆ ಅನ್ನೋದು ಬಾರ್ನ್ ಮಾತಿನ ಸಾರ.

ಇಬ್ಬರಲ್ಲಿ ಯಾರು ಸರಿ? ಮೊದಮೊದಲು ಬಾರ್ನ್ ದೊಡ್ಡ ಮನಸ್ಸಿನವರು, ಐನ್‌ಸ್ಟೈನ್ ಹಠಮಾರಿ ಅನ್ನಿಸಿತ್ತು. ಈಗ ಹಾಗನ್ನಿಸಲ್ಲ. ಐನ್‌ಸ್ಟೈನ್ ಕಾದಿದ್ದು ಸತ್ತವರ ಹಕ್ಕನ್ನು. ಅವರ ಪರವಾಗಿ ನಾನು ಬಿಡುಗಡೆ ಪತ್ರ ಬರೆದುಕೊಡಲಾರೆ ಅಂತ. ಬಾರ್ನ್ ಕೂಡ ಸತ್ತವರ ಪರವಾಗಿ ಕ್ಷಮಿಸಲು ಹೋದವರಲ್ಲ. ಅವರು ಹೋಗಿದ್ದು ಆರನ್ ಮಾಡಿದ ಕೆಲಸಕ್ಕೆ. ಹೋದ ಮೇಲೆ ಏನು ಮಾಡಿದರು ನೋಡಿ. 1954ರಲ್ಲಿ ತಡವಾಗಿ ನೊಬೆಲ್ ಬಂತು. ಆ ಹೆಸರಿನ ಬಲವನ್ನೆಲ್ಲ ಅಣುಬಾಂಬಿನ ವಿರುದ್ಧ ಸುರಿದರು. 1955ರಲ್ಲಿ ರಸೆಲ್ ಮತ್ತು ಐನ್‌ಸ್ಟೈನ್ ಹೆಸರಿನಲ್ಲಿ ಹೊರಬಂದ ಶಾಂತಿ ಹೇಳಿಕೆಗೆ ಸಹಿ ಹಾಕಿದ 11 ಜನರಲ್ಲಿ ಬಾರ್ನ್ ಒಬ್ಬರು. ಜರ್ಮನಿಗೆ ಮರಳುವ ವಿಷಯಕ್ಕೆ ಮುನಿಸಿಕೊಂಡಿದ್ದ ಇಬ್ಬರು ಗೆಳೆಯರ ಸಹಿ ಒಂದೇ ಕಾಗದದ ಮೇಲೆ! 1957ರಲ್ಲಿ ಪಶ್ಚಿಮ ಜರ್ಮನಿಯ ಸೇನೆಗೆ ಅಣ್ವಸ್ತ್ರ ಬೇಡ ಅಂತ ಪ್ರತಿಭಟಿಸಿದ 18 ವಿಜ್ಞಾನಿಗಳಲ್ಲೂ ಬಾರ್ನ್ ಇದ್ದರು. 1970ರ ಜನವರಿಯಲ್ಲಿ ಗಾಟಿಂಗನ್‌ನಲ್ಲೇ ತೀರಿಕೊಂಡರು.

ಅವರ ಅಕ್ಕತಂಗಿಯರ ಕಡೆಯಿಂದ ಸೋದರಳಿಯ ಆಗಬೇಕಾದ ಒಟ್ಟೊ ಕೋನಿಗ್ಸ್‌ಬರ್ಗರ್ ಅವರದು ಇನ್ನೊಂದು ದಾರಿ. ಅವರೂ ಬರ್ಲಿನ್‌ನಿಂದ ಓಡಿಸಿಕೊಂಡವರೇ. 1939ರಲ್ಲಿ ಮೈಸೂರು ಸಂಸ್ಥಾನದ ವಾಸ್ತುಶಿಲ್ಪಿಯಾಗಿ ಬಂದರು. ಬಸವನಗುಡಿಯ ಕೃಷ್ಣರಾವ್ ಪಾರ್ಕಿನ ಮಂಟಪ, ಟಾಟಾ ಇನ್‌ಸ್ಟಿಟ್ಯೂಟಿನ ಹಲವು ಕಟ್ಟಡಗಳು ಅವರ ಕೈಯವು. ಮಾವನಿಗೆ ಜಾಗ ಸಿಗದ ಸಂಸ್ಥೆಗೆ ಅಳಿಯ ಸೂರು ಕಟ್ಟಿಕೊಟ್ಟರು. ದೇಶ ವಿಭಜನೆಯಾದ ಮೇಲೆ ನೆಹರೂ ಸರ್ಕಾರದಲ್ಲಿ ವಸತಿ ಇಲಾಖೆಯ ಹೊಣೆ ಹೊತ್ತು, ಮನೆ ಕಳೆದುಕೊಂಡು ಬಂದ ನಿರಾಶ್ರಿತರಿಗೆ ಮನೆ ಕಟ್ಟುವ ಕೆಲಸಕ್ಕೆ ನಿಂತರು. ತನ್ನನ್ನು ಓಡಿಸಿದವರನ್ನು ಕ್ಷಮಿಸಬೇಕೋ ಬೇಡವೋ ಅನ್ನೋದು ತೀರ್ಮಾನ ಆಗೋವರೆಗೂ ಬದುಕನ್ನು ನಿಲ್ಲಿಸಿಕೊಂಡು ಕೂರಬೇಕಾಗಿಲ್ಲ ಅಂತ ನನಗೆ ಈ ಮಾವ ಅಳಿಯನಿಂದ ತಿಳೀತು. ಯಹೂದಿಗಳ ಹಳೆಯ ಗುರು ತಾರ್ಫೋನ್ ಹೇಳಿದ್ದೂ ಇದಕ್ಕೆ ಹತ್ತಿರದ್ದೇ. ಲೋಕದ ಕೆಲಸವನ್ನೆಲ್ಲ ನೀನೇ ಮುಗಿಸಬೇಕು ಅಂತ ಯಾರೂ ಕೇಳ್ತಿಲ್ಲ, ಹಾಗಂತ ಕೈಬಿಟ್ಟು ಹೋಗೋ ಸ್ವಾತಂತ್ರ್ಯವೂ ನಿನಗಿಲ್ಲ.

ನಮ್ಮ ಮಾವನ ಕಥೆ ಅಷ್ಟು ದೊಡ್ಡದಲ್ಲ. ಆ ವರ್ಷ ಮಾರ್ನಮಿ ಅಮಾವಾಸ್ಯೆಗೆ ಅವರು ಕಾರಿನಲ್ಲಿ ದೊಡ್ಡಬಳ್ಳಾಪುರಕ್ಕೆ ಬಂದರು. ಮಗ ಎತ್ತಿಕೊಂಡೇ ದೊಡ್ಡಮ್ಮನ ಗುಡ್ಡೆಯ ಹತ್ತಿರ ಕೂರಿಸಿದ. ಎಡೆ ಇಡೋಕೆ ಬಂದಿದ್ದ ನೆಂಟರೆಲ್ಲ ಇದ್ದರು. ನಡೆದದ್ದನ್ನು ಎಲ್ಲರ ಮುಂದೆ ಹೇಳಿದರು. ಮಾತು ಅರ್ಧ ಅರ್ಥವಾಯ್ತು, ಅರ್ಧ ಆಗಲಿಲ್ಲ. ಆಮೇಲೆ ದೊಡ್ಡಮ್ಮನ ಮಗಳ ಮನೆಗೂ ಹೋದರು. ಅವಳು ಕಾಫಿ ಕೊಟ್ಟಳು, ಕ್ಷಮಿಸಿದೆ ಅಂತ ಹೇಳಲಿಲ್ಲ. ಹಣದ ಮಾತುಕತೆ ಇನ್ನೂ ಮುಗಿದಿಲ್ಲ. ಮಾವನ ಮಕ್ಕಳು ಒಬ್ಬರಿಗೊಬ್ಬರು ಒಪ್ಪುತ್ತಿಲ್ಲ. ಆದರೆ ಈ ಸಲ ಮಾತು ಸರಿಯಾದ ಮನೆಗೆ ಹೋಗಿ ತಲುಪಿದೆ. ಅವಳು ಯಾವತ್ತಾದರೂ ಬಿಟ್ಟರೆ ಅದು ಅವಳು ಬಿಟ್ಟದ್ದು.

ಹೀಬ್ರೂನಲ್ಲಿ ಪಶ್ಚಾತ್ತಾಪಕ್ಕೆ ತೆಶುವಾ ಅಂತಾರೆ. ಆ ಪದದ ಅರ್ಥ ಮರಳಿ ಬರುವುದು. ಅಳೋದು, ಕೊರಗೋದು ಆಮೇಲಿನ ಮಾತು, ಮೊದಲು ಹೊರಟ ಜಾಗಕ್ಕೆ ಕಾಲು ಮರಳಬೇಕು. ಪೂರ್ತಿ ತೆಶುವಾ ಯಾವುದು ಅನ್ನೋದಕ್ಕೆ ಮೈಮೊನಿಡಿಸ್ ಒಂದು ಪರೀಕ್ಷೆಯನ್ನೂ ಇಟ್ಟಿದ್ದಾನೆ. ಅದೇ ಸಂದರ್ಭ ಮತ್ತೆ ಬಂದು, ಅದೇ ತಪ್ಪು ಮಾಡೋ ಶಕ್ತಿ ಕೈಯಲ್ಲಿದ್ದೂ ಮಾಡದೇ ಇರೋದು. ನಮ್ಮ ಜಿಲ್ಲೆಯಲ್ಲಿ ಆ ಸಂದರ್ಭ ದಿನಾ ಬರ್ತಾನೇ ಇದೆ. ದೇವನಹಳ್ಳಿ ಆಯ್ತು, ದೊಡ್ಡಬಳ್ಳಾಪುರ, ಹೊಸಕೋಟೆ, ನೆಲಮಂಗಲ ಎಲ್ಲ ಕಡೆ ರಾಗಿ ಹೊಲಗಳಿಗೆ ಬೆಲೆ ಬಂದಿದೆ. ಪ್ರತಿ ಹೊಲಕ್ಕೂ ಒಬ್ಬಳು ಅಕ್ಕನೋ ತಂಗಿಯೋ ಇದ್ದಾಳೆ. ಅವಳ ಸಹಿ ಬೇಕೇ ಬೇಕು. ನಿಜ ಹೇಳಿ ಕೇಳಿದರೆ ಎಷ್ಟೋ ಜನ ತಾವಾಗಿಯೇ ಬಿಟ್ಟುಕೊಡ್ತಾರೆ. ಕೆಲವರು ಬಿಡೋದಿಲ್ಲ, ಅದು ಅವರ ಹಕ್ಕು.

ಘಾಟಿಗೆ ಹೋಗಬೇಡಿ ಅಂತ ನಾನು ಹೇಳೋದಿಲ್ಲ. ನಾವೂ ಹೋಗ್ತೀವಿ. ಹೋಗೋ ದಾರಿಯಲ್ಲೇ ಯಾವುದಾದರೊಂದು ಊರಿನಲ್ಲಿ, ನಮ್ಮ ಮನೆಯವರಿಂದ ನೊಂದು ಮಾತು ಬಿಟ್ಟ ಯಾರೋ ಇರ್ತಾರೆ. ಅವರು ಬದುಕಿರೋವಾಗಲೇ ಬಸ್ಸು ಇಳಿದು ಅವರ ಬಾಗಿಲು ತಟ್ಟಿದರೆ ಹತ್ತು ಜನರನ್ನು ಸಮಾಧಿಗೆ ಕರಕೊಂಡು ಹೋಗೋ ಪಾಡು ಬರೋದಿಲ್ಲ. ಒಳಗೆ ಕರೀತಾರೋ ಇಲ್ಲವೋ ಹೇಳೋಕಾಗಲ್ಲ. ಮೂರು ಸಲ ಹೋಗಬೇಕು ಅಂತ ಬರೆದವನಿಗೆ ಅದೂ ಗೊತ್ತಿತ್ತು.